ಪುರಿಂಗಕ್ಕನ ಪೇಜು

ಪುರಿಂಗಕ್ಕನ ಹೊಟ್ಟೆ ತಣ್ಣಗಿರಲಿ. ಒಣಮೀನು ಮಾರುತ್ತಲೇ ನಮ್ಮ ದ್ವೀಪದ ಫೇಸ್‌ಬುಕ್ ಪೇಜು ನಡೆಸುವವಳು ಅವಳು. ಇವತ್ತು ಲಾಂಚಿಲ್ಲವಂತೆ ಎಂದು ಯಾರಾದರೂ ತಿಳಿಸಿದರೆ, ಕೊಡೆ ಹಿಡಿದು ಜೆಟ್ಟಿಗೇ ಹೋಗಿ ನೋಡಿಬರುತ್ತಾಳೆ. ಬರೆದದ್ದನ್ನು ಪೇಜಿಗೆ ಹಾಕುವ ಮುಂಚೆ ಗಿರಾಕಿಗಳಿಗೆ ಓದಿ ಹೇಳಿ, ಯಾರಾದರೂ ಮುಖ ಗಂಟಿಕ್ಕಿದರೆ ತಿದ್ದುತ್ತಾಳೆ. "ಅಷ್ಟೊತ್ತಿಗೆ ಲಾಂಚು ಮನಿಲಾ ಸೇರಿರುತ್ತೆ ಕಣಕ್ಕಾ!" ಎಂದು ನಾನು ಛೇಡಿಸಿದರೆ, "ಸೇರ್ಲಿ ಬಿಡೋ. ಸುಳ್ಳು ಬರ್ದು ಆಮೇಲೆ ಕ್ಷಮೆ ಕೇಳೋಕೆ ನಂಗೆ ಪುರುಸೊತ್ತಿಲ್ಲ" ಎನ್ನುತ್ತಾಳೆ. ಬಿರುಗಾಳಿಯಲ್ಲಿ ನನ್ನ ತಮ್ಮನ ದೋಣಿ ಕಾಣೆಯಾದಾಗ ಊರಿಗೆ ಊರೇ ಪೇಜಿಗೆ ಮೇಣದಬತ್ತಿಯ ಚಿತ್ರ ಹಾಕಿತು. ಅವಳು ಒಂದೊಂದನ್ನೂ ಅಳಿಸಿ, "ಹೆಣ ಕಂಡೋರು ಯಾರು? ಈ ಪೇಜನ್ನ ಅವನಮ್ಮಾನೂ ಓದ್ತಾಳೆ" ಎಂದು ಬರೆದಳು. ಮೂರನೆಯ ದಿನ ನನ್ನ ತಮ್ಮ ಮನೆಗೆ ಬಂದ. ಪುರಿಂಗಕ್ಕ ಓಡಿಬಂದು ಅವನ ಕೆನ್ನೆಯ ಮೇಲೆ ಕೈಯಿಟ್ಟಳು, ಆಮೇಲಷ್ಟೇ ಫೋನು ತೆಗೆದಳು: "ಬಂದಿದ್ದಾನೆ. ಮುಟ್ಟಿ ನೋಡಿದೆ."