ಕರಿಕಂಬಳಿಯವರು ಬೀಳ್ಕೊಂಡದ್ದು

ಈಗೀಗ ನಾನು ಯಾರ ಮದುವೆಗೆ ಹೋದರೂ ಮೊದಲು ಬಾಗಿಲುಗಳನ್ನು ನೋಡುತ್ತೇನೆ, ಆಮೇಲೆ ಮದುಮಗಳನ್ನು. ಊಟದ ಪಂಕ್ತಿಯಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರುತ್ತೇನೆ. ಹತ್ತಿರದಲ್ಲಿ ಯಾರಾದರೂ ಬೆಂಕಿಕಡ್ಡಿ ಗೀರಿದರೆ ಬಾಯಿಗೆ ಹೊರಟ ಹೋಳಿಗೆ ದಾರಿಯಲ್ಲೇ ನಿಂತುಬಿಡುತ್ತದೆ. ಹೋದ ತಿಂಗಳು ನಿಲಂಗಾದಲ್ಲಿ ಒಂದು ತೊಟ್ಟಿಲ ಕಾರ್ಯವಿತ್ತು. ಕೂಸಿಗೆ ಆರತಿ ಎತ್ತುವ ಹೊತ್ತಿಗೆ ನಾನು ತೊಟ್ಟಿಲನ್ನೇ ಹಿಂದಕ್ಕೆ ಎಳೆದುಬಿಟ್ಟೆ. ಕೂಸು ಖುಷಿಯಿಂದ ನಕ್ಕಿತು. ಅದರ ಅಜ್ಜಿ ಮಾತ್ರ ಇನ್ನೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ನೀವು ನಗಬಹುದು. ಬೇರೆಯವರ ಮನೆಯ ಕತೆಯಾಗಿದ್ದರೆ ನಾನೂ ನಗುತ್ತಿದ್ದೆ. ಆದರೆ ನನ್ನನ್ನು ಹೀಗೆ ಮಾಡಿದ್ದು ಒಂದು ರಾಕ್ ಬ್ಯಾಂಡು, ಮತ್ತು ಅದರಲ್ಲಿ ಡ್ರಮ್ಮು ಬಾರಿಸುತ್ತಿದ್ದವನು ನನ್ನ ಸ್ವಂತ ಮೈದುನ ಬೀರೂ.

ನಾನು ಭಾಲ್ಕಿ ಕಡೆಯವಳು. ಬಿ.ಎಸ್ಸಿ. ಮುಗಿಸಿ ಉಮರ್ಗಾದ ಕುರುಬರ ಮನೆಗೆ ಸೊಸೆಯಾಗಿ ಬಂದೆ. ಆಗ ಬೀರೂ ಉದಗೀರದ ಕಾಲೇಜಿನಲ್ಲಿ ಓದುತ್ತಿದ್ದ. ಅಂದರೆ, ಓದುತ್ತಿದ್ದಾನೆಂದು ಮನೆಯವರು ತಿಳಿದಿದ್ದರು. ಅಲ್ಲಿ ಅವನಿಗೆ ಗಿಟಾರು ಬಾರಿಸುತ್ತ ಹಾಡುವ ಇಕ್ಬಾಲ್ ಎಂಬ ಗೆಳೆಯ ಸಿಕ್ಕಿದ್ದ. ಇಬ್ಬರೂ ಸೇರಿ, ನಿಲಂಗಾದ ಇನ್ನೊಬ್ಬ ಹುಡುಗನನ್ನು ಕೂಡಿಸಿಕೊಂಡು, ‘ಕರಿಕಂಬಳಿ’ ಎಂಬ ಬ್ಯಾಂಡು ಕಟ್ಟಿದರು. ಜೀನ್ಸ್ ಪ್ಯಾಂಟಿನ ಮೇಲೆ, ಹೆಗಲಿಗೆ ನಿಜವಾದ ಕರಿಕಂಬಳಿ. ಲಾತೂರಿನ ಮೇ ತಿಂಗಳ ಬಿಸಿಲಲ್ಲೂ ಅದನ್ನು ತೆಗೆಯುತ್ತಿರಲಿಲ್ಲ. ಕಲೆಗಾಗಿ ಬೆವರುವುದೆಂದರೆ ಅದೇ ಇರಬೇಕು.

ಈ ಸುದ್ದಿ ಮೊದಲು ಅತ್ತೆಗೆ ತಿಳಿದ ದಿನ ನಾನು ಅಲ್ಲೇ ಜೋಳ ಹಸನು ಮಾಡುತ್ತ ಕೂತಿದ್ದೆ.

“ಬ್ಯಾಂಡ್ ಅಂದ್ರ, ಕೆಂಪು ಕೋಟ್ ಹಾಕ್ಕೊಂಡು ಮದಿವ್ಯಾಗ ನವರದೇವನ ಕುದುರಿ ಮುಂದ ಊದ್ಕೋತ ಹೋಗ್ತಾರಲ್ಲ, ಅದೇನ್ಲೆ?” ಎಂದು ಅತ್ತೆ ಕೇಳಿದಳು.

“ಅದಲ್ಲವ್ವಾ. ಇದ್ರಾಗ ಕುದುರಿ ಇರೂದಿಲ್ಲ,” ಎಂದ ಬೀರೂ.

“ಕುದುರಿನೇ ಇಲ್ದಿದ್ರ ಮಂದಿ ಯಾರ ಹಿಂದ ಬರ್ತಾರ?”

ಸಂಗೀತದ ಬಗ್ಗೆ ಇದಕ್ಕಿಂತ ಆಳವಾದ ಪ್ರಶ್ನೆಯನ್ನು ನಾನು ಕೇಳಿಲ್ಲ. ಆದರೆ ಮಂದಿ ಬಂದರು. ಬಂದದ್ದು ಕುರಿ ಕರೆಯುವ ಕೂಗಿನ ಹಿಂದೆ. ಮೇಯುತ್ತ ದೂರ ಹೋದ ಕುರಿಗಳನ್ನು ತಿರುಗಿಸಲು ನಮ್ಮವರು ನಾಲಿಗೆ ಹೊರಳಿಸಿ ಒಂದು ಸದ್ದು ಮಾಡುತ್ತಾರೆ. ಬೀರೂ ಅದನ್ನೇ ಒಂದು ಹಾಡಿನ ಪಲ್ಲವಿ ಮಾಡಿದ. ಅದಕ್ಕೆ ಅರ್ಥವಿಲ್ಲ, ಆದ್ದರಿಂದ ಕನ್ನಡವೋ ಮರಾಠಿಯೋ ಎಂಬ ತಕರಾರೂ ಇಲ್ಲ. ಕಾಲೇಜಿನ ಗ್ಯಾದರಿಂಗಿನಲ್ಲಿ ಹಾಡಿದ್ದು ಫೋನಿನಿಂದ ಫೋನಿಗೆ ಹರಿಯಿತು. ನಿಲಂಗಾದ ಆಟೋಗಳಲ್ಲಿ ಕೇಳಿಸಿತು, ಜಳಕೋಟದ ಚಹಾದಂಗಡಿಯಲ್ಲಿ ಕೇಳಿಸಿತು. ಸೋಲಾಪುರ, ಪುಣೆ, ಹೈದರಾಬಾದುಗಳಿಂದ ಕರೆ ಬಂತು. ಪುಣೆಯ ಮೈದಾನವೊಂದರಲ್ಲಿ ಸಾವಿರಾರು ಮಂದಿ ಒಂದೇ ಬಾಯಲ್ಲಿ ಕುರಿ ಕರೆಯುವ ವಿಡಿಯೋವನ್ನು ನಾನು ಅತ್ತೆಗೆ ತೋರಿಸಿದೆ. ಆಕೆ ಬಹಳ ಹೊತ್ತು ನೋಡಿ, “ಇಷ್ಟು ಮಂದಿನ್ನ ಕರದು ಮೇಯಿಸೂದು ಎಲ್ಲಿ?” ಎಂದಳು.

ಆದರೂ ಒಮ್ಮೆಯೂ ಕೇಳಲು ಹೋಗಲಿಲ್ಲ. ಡೊಳ್ಳು ದೇವರದು, ಅದನ್ನು ಚಪ್ಪಲಿ ಹಾಕಿಕೊಂಡವರ ಮುಂದೆ ಬಾರಿಸುವ ಮಗನನ್ನು ನೋಡಲಾರೆ ಎಂಬುದು ಆಕೆಯ ಹಟ. ಬೀರೂ ವಿಲಾಯತಿ ಡ್ರಮ್ಮುಗಳ ಪಕ್ಕದಲ್ಲಿ ಡೊಳ್ಳನ್ನೂ ಇಟ್ಟುಕೊಳ್ಳುತ್ತಿದ್ದುದು ನಿಜ.

(ಇಲ್ಲಿಯವರೆಗೆ ಬರೆದು, ಒಲೆ ಆರಿಸಿದ್ದೇನೋ ಇಲ್ಲವೋ ಎಂದು ಎದ್ದು ನೋಡಿ ಬಂದೆ. ಆರಿಸಿದ್ದೆ.)

ದೊಡ್ಡ ದೊಡ್ಡ ಬ್ಯಾಂಡುಗಳು ಒಡೆಯುವುದು ಅಹಂಕಾರದಿಂದ, ಜಗಳದಿಂದ ಎಂದು ಕೇಳಿದ್ದೇನೆ. ನಮ್ಮದು ನಿಂತದ್ದು ದೇವರ ಪಾಳಿ ಬಂದದ್ದರಿಂದ. ನಮ್ಮ ಮನೆತನದವರು ಬೀರಪ್ಪನ ಪೂಜಾರಿಗಳು. ಪೂಜೆ ಮಾಡುತ್ತಿದ್ದ ದೊಡ್ಡ ಮಾವನಿಗೆ ಮೊಣಕಾಲು ಮಡಚಿ ಕೂರಲು ಆಗದಂತಾಯಿತು. ಮುಂದಿನ ಪಾಳಿ ಬೀರೂನದು. ಪೂಜೆ ಹಿಡಿದವನು ದೇವರ ಮುಂದೆ ಬಿಟ್ಟು ಬೇರೆಲ್ಲೂ ಡೊಳ್ಳು ಮುಟ್ಟುವಂತಿಲ್ಲ, ಇದು ನಮ್ಮ ಮನೆಯ ಕಟ್ಟಳೆ. ಅವನು ಒಪ್ಪಿಕೊಂಡ. ಎಷ್ಟು ಸುಲಭವಾಗಿ ಒಪ್ಪಿಕೊಂಡನೆಂದರೆ, ಮನೆಯಲ್ಲಿ ಯಾರಿಗೂ ಸಮಾಧಾನವಾಗಲಿಲ್ಲ. ಇಕ್ಬಾಲ್ ಬಂದು, “ವೈನಿ, ಇವನಿಲ್ದೆ ನಾ ಹಾಡಿದ್ರ ಅದು ಬರೀ ಹಲ್ಲುನೋವಿನ ಒದರಾಟ,” ಎಂದು ಹೇಳಿ, ಚಹಾ ಕುಡಿಯದೇ ಹೋದ.

ಬೀಳ್ಕೊಡುಗೆಯ ಕಾರ್ಯಕ್ರಮ ಉದಗೀರದ ಒಂದು ಮಂಗಲ ಕಾರ್ಯಾಲಯದಲ್ಲಿ, ಅಂದರೆ ಮದುವೆಯ ಹಾಲಿನಲ್ಲಿ. ಪೋಸ್ಟರಿನಲ್ಲಿ ‘ಹೋಗುತ್ತೇವೆ’ ಎಂದು ಬರೆಯಲು ಅತ್ತೆ ಬಿಡಲಿಲ್ಲ. “ಹೋಗೂದು ಸತ್ತವರು. ಜೀವಂತ ಇದ್ದವರು ಬರ್ತೀವ್ರಿ ಅಂತಾರ.” ನಮ್ಮ ಭಾಷೆಯಲ್ಲಿ ವಿದಾಯವೇ ಇಲ್ಲ ನೋಡಿ, ಹೊಸ್ತಿಲು ದಾಟುವವನೂ ಬರುವ ಮಾತನ್ನೇ ಆಡುತ್ತಾನೆ. ಇಂಥ ಜನ ರಾಕ್ ಬ್ಯಾಂಡು ಮುಗಿಸುವುದು ಹೇಗೆ? ಕೊನೆಗೆ ಪೋಸ್ಟರಿನಲ್ಲಿ ಮೂವರ ಬೆನ್ನು, ಮೂರು ಕಂಬಳಿ ಅಷ್ಟೇ ಇತ್ತು.

ಅವತ್ತು ಅತ್ತೆ ಮೊದಲ ಸಲ ಬಂದಳು. ಟೆಂಪೋ ತುಂಬ ಬೀಗರು, ಬಳಗ. ಎಲ್ಲರೂ ಮುಂದಿನ ಸಾಲಿನಲ್ಲಿ, ಚಪ್ಪಲಿ ಹೊರಗೆ ಬಿಟ್ಟು ಕೂತರು. ಸಂಜೆಯ ಕಡೆಯ ಹಾಡಿಗೆ ಬೀರೂ ಕೋಲುಗಳನ್ನು ಕೆಳಗಿಟ್ಟು, ಡೊಳ್ಳನ್ನು ಕೊರಳಿಗೆ ಹಾಕಿಕೊಂಡು ವೇದಿಕೆಯ ಅಂಚಿಗೆ ಬಂದ. ಉಳಿದವರಿಗೆ ಅದೊಂದು ಐಟಂ. ನಮ್ಮವರಿಗೆ ಹಾಗಲ್ಲ. ಬೀರಪ್ಪನ ಡೊಳ್ಳು ಮೊಳಗಿತೆಂದರೆ ಭಂಡಾರ ಹಾರಲೇಬೇಕು. ಭಂಡಾರವೆಂದರೆ ದೇವರ ಅರಿಶಿನಪುಡಿ. ಅದಿಲ್ಲದೆ ನಮ್ಮವರು ಮನೆಬಿಟ್ಟು ಹೊರಡುವುದಿಲ್ಲ. ಅತ್ತೆ ಎದ್ದು ನಿಂತಳು. ಸೆರಗಿನ ಗಂಟು ಬಿಚ್ಚಿದಳು. “ಬಿರೋಬಾಚ್ಯಾ ನಾವಾನಂ ಚಾಂಗಭಲಂ!” ಎಂದು ಮರಾಠಿಯಲ್ಲಿ ಬೀರಪ್ಪನ ಜಯಕಾರ ಕೂಗಿ, ಇಷ್ಟು ವರ್ಷ ತಡೆಹಿಡಿದದ್ದನ್ನೆಲ್ಲ ಎರಡೂ ಕೈಯಿಂದ ಮಗನ ಮೇಲೆ ತೂರಿದಳು. ಬಳಗವೂ ತೂರಿತು. ವೇದಿಕೆಯ ಮೇಲೆ ಹಳದಿ ಮೋಡ ಎದ್ದಿತು.

ಅದೇ ಗಳಿಗೆಗೆ, ಮದುಮಕ್ಕಳು ಬರುವಾಗ ಹಚ್ಚುತ್ತಾರಲ್ಲ, ಆ ಬೆಂಕಿಯ ಹೂಕುಂಡಗಳನ್ನು ಯಾರೋ ಎರಡೂ ಬದಿಯಲ್ಲಿ ಹಚ್ಚಿದರು.

ದೊಡ್ಡ ಸದ್ದೇನೂ ಆಗಲಿಲ್ಲ. ಭಾರಿ ಎತ್ತೊಂದು ಮುಖದ ಹತ್ತಿರ ಉಸಿರು ಬಿಟ್ಟ ಹಾಗೆ ಆಯಿತು. ಹಳದಿ ಮೋಡ ಕಿತ್ತಳೆಯಾಯಿತು, ಅದರೊಳಗೆ ಬೀರೂ ಕಾಣಲಿಲ್ಲ. ಇವತ್ತಿಗೂ ನನಗೆ ಬೆಂಕಿಗಿಂತ ಹೆಚ್ಚು ನೆನಪಾಗುವುದು ಸಿಳ್ಳೆ. ಜನ ಸಿಳ್ಳೆ ಹೊಡೆದರು, ಚಪ್ಪಾಳೆ ತಟ್ಟಿದರು. ಕೊನೆಯ ಆಟಕ್ಕೆ ತಕ್ಕ ಮೆರುಗು ಎಂದುಕೊಂಡರು. ಹಿಂದಿನ ಪ್ಲಾಸ್ಟಿಕ್ ಹೂವಿನ ಪರದೆ ಹತ್ತಿಕೊಂಡು ಇಕ್ಬಾಲನ ಹೆಗಲ ಮೇಲೆ ವಾಲಿತು. ಬೀರೂ ಬರಿಗೈಯಿಂದ ಅದನ್ನು ಕಿತ್ತು ಎಸೆದದ್ದು ಕಂಡ ಮೇಲೆ ಸಿಳ್ಳೆ ನಿಂತಿತು. ಆಮೇಲೆ ಹೊಗೆ, ಕಿರುಚಾಟ, ನೂಕಾಟ.

ಇಕ್ಬಾಲ್ ಮೈಕು ಬಿಡಲಿಲ್ಲ. ಹುಬ್ಬು ಸುಟ್ಟ ಮುಖದಲ್ಲೇ ಕೂಗುತ್ತಿದ್ದ: “ಸಾವಕಾಶ ಹೋಗ್ರಿ! ಬಾಗ್ಲಾ ಹತ್ರ ಇದ್ದವ್ರು ಮೊದ್ಲು! ಕುರಿ ಹಾಂಗ ನುಗ್ಗಬ್ಯಾಡ್ರಿ!”

ನನ್ನ ಪಕ್ಕದ ದೊಡ್ಡ ಮಾವ ಆ ಹೊಗೆಯಲ್ಲೂ ಸಿಟ್ಟಾದ. “ಕುರಿ ಎಲ್ಲಿ ಹೀಂಗ ನುಗ್ತಾವ್ಲೆ? ಕುರಿ ಒಂದರ ಹಿಂದೊಂದು ಹೋಗ್ತಾವ!” ಎಂದು ಹೇಳಿ, ತೋರಿಸಿಕೊಡುವವನಂತೆ ತನ್ನ ಬಳಗವನ್ನೆಲ್ಲ ಒಂದರ ಹಿಂದೊಂದು ಹೊರಗೆ ನಡೆಸಿದ. ಯಾರೂ ಸಾಯಲಿಲ್ಲ. ಇದನ್ನು ನಾನು ದಿನಕ್ಕೆ ಹಲವು ಸಲ ನನಗೇ ಹೇಳಿಕೊಳ್ಳುತ್ತೇನೆ.

ನುಣ್ಣನೆಯ ಪುಡಿ ಗಾಳಿಯಲ್ಲಿ ಹರಡಿದಾಗ ಕಿಡಿ ಬಿದ್ದರೆ ಸಿಡಿಮದ್ದಿನ ಹಾಗೆ ಉರಿಯುತ್ತದೆ, ಹಿಟ್ಟಿನ ಗಿರಣಿಗಳಿಗೆ ಬೆಂಕಿ ಬೀಳುವುದು ಹೀಗೆಯೇ ಎಂಬ ಪಾಠ ನನಗೆ ಆಸ್ಪತ್ರೆಯ ಬೆಂಚಿನ ಮೇಲೆ ನೆನಪಾಯಿತು. ನನ್ನ ವಿದ್ಯೆ ನಮ್ಮೂರ ಎಸ್‌ಟಿ ಬಸ್ಸಿನಂತೆ. ಬರುವುದು ಖಂಡಿತ, ಆದರೆ ಕೆಲಸ ಮುಗಿದ ಮೇಲೆ.

ಬೀರೂನ ಎರಡೂ ಅಂಗೈ ಸುಟ್ಟಿದ್ದವು. ವಾಸಿಯಾಗುತ್ತವೆ ಎಂದರು ಡಾಕ್ಟರು. ವಾಸಿಯಾಗದೆ ಉಳಿದದ್ದು ಅತ್ತೆ. ಮನೆಗೆ ಬಂದವಳೇ ಭಂಡಾರದ ಡಬ್ಬಿಯನ್ನು ಕಂಬಳಿಗಳ ಕೆಳಗೆ ಹೂತಿಟ್ಟಳು. “ನನ್ನ ಕೈಲೇ ನನ್ನ ಮಗನ್ನ ಸುಡಿಸ್ಯಾನ. ಬ್ಯಾಡ ಅಂದಾನ ದೇವ್ರು,” ಎನ್ನುವಳು. ಗಿರಣಿ, ಗಾಳಿ, ಕಿಡಿ ಎಂದು ನಾನು ವಿವರಿಸಿದೆ. “ಆ ಕಿಡಿ ಯಾರದು?” ಎಂದಳು. ಬಿ.ಎಸ್ಸಿ.ಯಲ್ಲಿ ಇದು ಬಂದಿರಲಿಲ್ಲ.

ತೊಡಕಿದ್ದದ್ದು ಇಲ್ಲೇ. ಹೊಸ ಪೂಜಾರಿಯ ಹಣೆಗೆ ಮೊದಲ ಭಂಡಾರ ಹಚ್ಚಬೇಕಾದವಳು ಅವನ ತಾಯಿ. ಅತ್ತೆ ಒಲ್ಲೆ ಎಂದಳು. ಬೇರೆ ಯಾರಾದರೂ ಹಿರಿಯರು ಹಚ್ಚಲಿ ಎಂದು ಬಳಗ ಸೂಚಿಸಿತು. ಬೀರೂ ಒಪ್ಪಲಿಲ್ಲ: “ಅವ್ವ ಹಚ್ಚಿದ್ರ ಪೂಜಿ. ಇಲ್ಲಂದ್ರ ಇಲ್ಲ.” ಬ್ಯಾಂಡು ಬಿಟ್ಟಾಗಿತ್ತು, ಈಗ ಅದನ್ನು ಯಾವುದಕ್ಕಾಗಿ ಬಿಟ್ಟನೋ ಅದೂ ಕೈಜಾರುವಂತಿತ್ತು. ಮನೆಯಲ್ಲಿ ತಾಯಿಯೂ ಮಗನೂ ಒಂದೇ ಗೋಡೆಗೆ ಒರಗಿ ಬೇರೆ ಬೇರೆ ಕಡೆ ನೋಡುತ್ತ ಕೂರುವರು. ನಾನು ಅಡುಗೆಮನೆಗೂ ಪಡಸಾಲೆಗೂ ನಡುವೆ ಕಾರಣವಿಲ್ಲದೆ ಓಡಾಡುವೆ.

ಪೂಜೆ ವಹಿಸುವ ದಿನ ಬೆಳಿಗ್ಗೆ, ಲೋಹಾರಾ ರಸ್ತೆಯ ಗುಡಿಯಲ್ಲಿ ಎಲ್ಲರೂ ಸೇರಿದರು. ಅತ್ತೆಯೂ ಬಂದಳು, ಆದರೆ ಹಿಂದೆ ನಿಂತಳು. ಬ್ಯಾಂಡೇಜಿನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಬೀರೂ ದೇವರ ಮುಂದೆ ಕೂತಿದ್ದ. ಇಕ್ಬಾಲ್ ಹೊರಗಟ್ಟೆಯ ಮೇಲಿದ್ದ. ಹುಬ್ಬು ಆಗಷ್ಟೇ ಚಿಗುರುತ್ತಿತ್ತು. ನನಗೆ ನಂದಾದೀಪ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಬೀರೂ ತಿರುಗದೆಯೇ ಹೇಳಿದ: “ಅವ್ವಾ, ಇಷ್ಟು ವರ್ಷ ಸ್ಟೇಜಿನ ಮ್ಯಾಲ ಬೆಂಕಿ ಹಚ್ಚಲಕ್ಕ ನಾವು ರೊಕ್ಕ ಕೊಟ್ಟೇವ. ನೀ ಒಬ್ಬಾಕಿ ಪುಕಟ ಹಚ್ಚಿದಿ.”

ಬಳಗದವರೆಲ್ಲ ಅತ್ತೆಯ ಕಡೆ ತಿರುಗಿದರು.

“ಖರೇ ಅದ, ಮೌಶಿ,” ಎಂದ ಇಕ್ಬಾಲ್ ಹೊರಗಿನಿಂದ. “ಅಂಥಾ ಸಿಳ್ಳೆ ನನ್ನ ಹಾಡಿಗಿ ಒಮ್ಮೀನೂ ಬಿದ್ದಿಲ್ಲ.”

“ಥೂ, ನಾಚಿಗಿಗೇಡಿಗಳಾ,” ಎಂದಳು ಅತ್ತೆ. ಆದರೆ ಆ ಬೈಗುಳದ ಜೊತೆಗೇ ಅವಳ ಕಾಲು ಮುಂದಕ್ಕೆ ಬಂತು. ಭಂಡಾರದ ತಟ್ಟೆಯ ಮುಂದೆ ನಿಂತು ನನ್ನ ಕಡೆ ನೋಡಿದಳು. “ಸುನಂದಾ, ನೀ ಕಲ್ತಾಕಿ. ಹೇಳ. ಒಂದು ಚಿಟಿಕಿಗಿ ಏನೂ ಆಗೂದಿಲ್ಲ?”

“ಆಗೂದಿಲ್ಲ, ಅತ್ತಿ,” ಎಂದೆ. ನನ್ನ ಧ್ವನಿ ನಡುಗಿದ್ದು ಅವಳಿಗೆ ಕೇಳಿಸಿತು. ದೀಪಕ್ಕೆ ಬೆನ್ನು ಕೊಟ್ಟು, ಮಗನಿಗೂ ಬೆಂಕಿಗೂ ನಡುವೆ ತನ್ನ ಇಡೀ ಮೈಯನ್ನು ಅಡ್ಡ ಹಿಡಿದು, ಅವನ ಹಣೆಗೆ ಹಚ್ಚಿದಳು. ಬಳಗ “ಚಾಂಗಭಲಂ” ಎಂದು ಪಿಸುಗುಟ್ಟಿತು. ದೇವರ ಹೆಸರನ್ನು ಅಷ್ಟು ಮೆಲ್ಲಗೆ ಕೂಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಹಣೆಯಿಂದ ಒಂದಿಷ್ಟು ಪುಡಿ ಮೂಗಿಗೆ ಉದುರಿತು. ಬೀರೂ ಸೀನಿದ. ಗುಡಿ ನಡುಗುವಂತೆ ಸೀನಿದ. ಎಲ್ಲರೂ ಬೆಚ್ಚಿ ಹಿಂದೆ ಸರಿದರು, ನಾನು ಎಲ್ಲರಿಗಿಂತ ಹೆಚ್ಚು. ಆಮೇಲೆ ನಗು ಶುರುವಾಯಿತು. ಒರೆಸಿಕೊಳ್ಳಲು ಅವನ ಕೈಗಳು ಬರುವಂತಿರಲಿಲ್ಲ. ಪುಣೆಯನ್ನು ಕುಣಿಸಿದವನ ಮೂಗನ್ನು ಅವನ ಅವ್ವ ಎಲ್ಲರೆದುರು ಸೆರಗಿನಿಂದ ಹಿಂಡಿ ಒರೆಸಿದಳು. ಅವನು ಕಣ್ಣು ಮುಚ್ಚಿಕೊಂಡು, ಮುಖ ಮೇಲೆತ್ತಿ, ಒರೆಸಿಸಿಕೊಂಡ.