ಕಿಟಕಿ ಬಿಟ್ಟು ಬಂದ ಶ್ಯಾಮಲಕ್ಕ

ಔಷಧಿ ಕೊಡುವವರ ಮುಖವನ್ನು ನಮ್ಮ ಕಡೆ ಯಾರೂ ನೆಟ್ಟಗೆ ನೋಡುವುದಿಲ್ಲ. ಕಿಟಕಿಯೊಳಗೆ ಚೀಟಿ ತೂರಿಸುತ್ತಾರೆ, ಮಾತ್ರೆ ಸಿಕ್ಕಿದ್ದೇ ತಡ ಬಸ್ಸಿಗೆ ಓಡುತ್ತಾರೆ. ಡಾಕ್ಟರರ ಊರು ಯಾವುದು, ಮಾವನ ಮನೆ ಯಾವುದು ಎನ್ನುವುದೆಲ್ಲ ಗೊತ್ತಿರುತ್ತದೆ. ಇಪ್ಪತ್ತು ವರ್ಷ ಮಾತ್ರೆ ಕೊಟ್ಟವಳ ಹೆಸರು ಕೇಳಿ ನೋಡಿ, "ಅದೇ, ಕನ್ನಡಕದ ಅಮ್ಮ" ಅನ್ನುತ್ತಾರೆ. ಇರಲಿ, ಲೋಕವೇ ಹಾಗೆ. ಆದರೆ ಸಾಗರ–ಹೊಸನಗರ ರಸ್ತೆಯಲ್ಲಿರುವ ಇಪ್ಪತ್ತು ಹಾಸಿಗೆಯ ಆ ಪುಟ್ಟ ಆಸ್ಪತ್ರೆಗೆ ಒಂದು ಮಂಗಳವಾರ ಹೋಗಿ ನೋಡಿ. ಮೇಜಿನ ಒಂದು ಕಡೆ ಡಾಕ್ಟರ್ ನಾಗೇಂದ್ರ ಕೂತಿರುತ್ತಾರೆ, ಪಕ್ಕದಲ್ಲೇ ಫಾರ್ಮಸಿಸ್ಟ್ ಶ್ಯಾಮಲಕ್ಕ. ಅವರು ನಾಡಿ ನೋಡುತ್ತಾರೆ, ಇವಳು ಚೀಲ ನೋಡುತ್ತಾಳೆ.

ಚೀಲವೆಂದರೆ ರೋಗಿಗಳು ಮನೆಯಿಂದ ತರುವ ಔಷಧಿಯ ಚೀಲ. ಅದರೊಳಗೆ ಏನಿರುತ್ತದೆ, ಏನಿರುವುದಿಲ್ಲ! ಸಾಗರದ ಡಾಕ್ಟರು ಬರೆದ ಬಿಪಿ ಮಾತ್ರೆ, ತೀರ್ಥಹಳ್ಳಿಯವರು ಬೇರೆ ಹೆಸರಿನಲ್ಲಿ ಬರೆದ ಅದೇ ಮಾತ್ರೆ, ಯಾರೋ ಕೊಟ್ಟ ಬೇರಿನ ಪುಡಿ, ಪಕ್ಕದ ಮನೆಯವಳು "ನಂಗೆ ಗುಣ ಆಯ್ತು, ನೀನೂ ತಗಾ" ಎಂದು ದಾನ ಮಾಡಿದ ನಾಲ್ಕು ಗುಳಿಗೆ. ಶ್ಯಾಮಲಕ್ಕ ಒಂದೊಂದನ್ನೇ ಎತ್ತಿ ಹೇಳುತ್ತಾಳೆ, ಡಾಕ್ಟರು ಕೇಳಿಸಿಕೊಂಡು ಆಮೇಲೆ ಪೆನ್ನು ಎತ್ತುತ್ತಾರೆ. ಇದನ್ನು ಕಂಡವರು ಎಷ್ಟು ಚಂದದ ವ್ಯವಸ್ಥೆ ಎಂದು ಹೊಗಳುತ್ತಾರೆ. ಹೊಗಳಲಿ, ಹೊಗಳಬೇಕಾದದ್ದೇ. ಆದರೆ ಅದು ಸುಮ್ಮನೆ ಬಂದದ್ದಲ್ಲ. ಒಂದು ಹೆಣ್ಣುಮಗಳು ಸಾಯುವುದರಲ್ಲಿದ್ದಳು. ಅದರಲ್ಲಿ ಶ್ಯಾಮಲಕ್ಕನ ಕೈಯೂ ಇತ್ತು.

ಶ್ಯಾಮಲಕ್ಕ ಕೆಳದಿಯವಳು. ಶಿವಮೊಗ್ಗದಲ್ಲಿ ಡಿಪ್ಲೊಮಾ ಮುಗಿಸಿ ಈ ಕಿಟಕಿಯ ಹಿಂದೆ ಬಂದು ಕೂತಾಗ ಇಪ್ಪತ್ತಾರು ವರ್ಷ, ಈಗ ನಲವತ್ತೇಳು. ನೆನಪೆಂದರೆ ಅವಳದ್ದು. ಚೀಟಿ ಕಂಡರೆ ಸಾಕು, ಹೋದ ತಿಂಗಳು ಏನಿತ್ತು, ಈ ಸಲ ಯಾವುದು ಬದಲಾಯಿತು ಎಂದು ಥಟ್ಟನೆ ಹೇಳುತ್ತಾಳೆ. ಬಾಯಿಯೂ ಜೋರೇ. "ದಿನಕ್ಕೆ ಎರಡು ಅಂದ್ರೆ ಎರಡೇ. ಇದೆಂಥ ಕೋಡುಬಳೆನಾ, ಬೇಕಾದಷ್ಟು ತಿನ್ನಕೆ?" ಎಂದು ದೊಡ್ಡ ಮೀಸೆಯವರನ್ನೂ ಗದರಿಸಿಬಿಡುತ್ತಾಳೆ. ಬೈಸಿಕೊಂಡವರು ಮುಂದಿನ ತಿಂಗಳು ಅವಳನ್ನೇ ಹುಡುಕಿಕೊಂಡು ಬರುತ್ತಾರೆ.

ಇಂಥ ಬಾಯಿಗೆ ಒಂದು ಕಡೆ ಮಾತ್ರ ಬೀಗ ಬಿದ್ದಿತ್ತು. ಹನ್ನೆರಡು ವರ್ಷದ ಹಿಂದೆ, ಆಗಿದ್ದ ದೊಡ್ಡ ಡಾಕ್ಟರರೊಬ್ಬರ ಕೋಣೆಗೆ ಚೀಟಿ ಹಿಡಿದು ಹೋಗಿ, "ಸರ್, ಇವೆರಡೂ ಒಂದೇ ಔಷಧಿ, ಕಂಪನಿ ಹೆಸರು ಮಾತ್ರ ಬೇರೆ" ಎಂದಿದ್ದಳು. ಎದುರಿಗೆ ರೋಗಿಗಳು ತುಂಬಿಕೊಂಡಿದ್ದರು. ಆ ಮಹಾನುಭಾವರು ತಲೆ ಕೂಡ ಎತ್ತಲಿಲ್ಲ. "ಕಿಟಕಿ ಕೆಲಸ ಕಿಟಕೀಲೇ ಇರ್ಲಿ ಅಮ್ಮ. ಡಾಕ್ಟರಿಕೆ ನಾನು ಮಾಡ್ತೀನಿ" ಎಂದುಬಿಟ್ಟರು. ಅಲ್ಲ, ತಪ್ಪು ಅವರದ್ದು, ತಲೆ ತಗ್ಗಿಸಿದವಳು ಇವಳು! ಅವತ್ತಿನಿಂದ ಅವಳು ಯಾವ ಡಾಕ್ಟರರ ಕೋಣೆಗೂ ಕಾಲಿಡಲಿಲ್ಲ. ಚೀಟಿಯಲ್ಲಿ ಏನಾದರೂ ಎಡವಟ್ಟು ಕಂಡರೆ ಕಿಟಕಿಯಲ್ಲೇ ರೋಗಿಗೆ ತಿದ್ದಿ ಹೇಳಿ ಕಳಿಸುವುದು ರೂಢಿಯಾಯಿತು. ಆ ಡಾಕ್ಟರು ಹೋದರು, ಬೇರೆಯವರು ಬಂದರು, ಅವರೂ ಹೋಗಿ ತೀರ್ಥಹಳ್ಳಿಯ ನಾಗೇಂದ್ರ ಬಂದರು. ಒಳ್ಳೆಯ ಮನುಷ್ಯ, ಇವಳಿಗಿಂತ ಹನ್ನೆರಡು ವರ್ಷ ಚಿಕ್ಕವರು. ಆದರೆ ಹಾಲು ಕುಡಿದು ನಾಲಿಗೆ ಸುಟ್ಟುಕೊಂಡವಳು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾಳೆ. ಇವಳು ಕಿಟಕಿ ಬಿಟ್ಟು ಕದಲಲಿಲ್ಲ.

ಆ ಹೆಣ್ಣುಮಗಳ ಹೆಸರು ಸುಚಿತ್ರಾ. ಇಪ್ಪತ್ತೊಂಬತ್ತು ವರ್ಷ, ಮಾಸ್ತಿಕಟ್ಟೆ ಹತ್ತಿರದ ಅಂಗನವಾಡಿಯಲ್ಲಿ ಟೀಚರ್. ಮೂರು ವರ್ಷದ ಹಿಂದೆ ಕರಾವಳಿಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವಳ ಹೃದಯದ ಕೆಟ್ಟ ಕವಾಟ ತೆಗೆದು ಲೋಹದ್ದು ಕೂರಿಸಿದ್ದರು. ಹತ್ತಿರ ಕೂತರೆ ಅದು ಟಿಕ್ ಟಿಕ್ ಎನ್ನುವುದು ಕೇಳಿಸುತ್ತದೆ. ಅಂಗನವಾಡಿ ಮಕ್ಕಳು ಅವಳ ಎದೆಗೆ ಕಿವಿಯಿಟ್ಟು, "ನಮ್ ಟೀಚರ್ ಒಳಗೆ ಗಡಿಯಾರ ಇದೆ" ಎಂದು ಹೆಮ್ಮೆಪಡುತ್ತಾರೆ. ಅಂಥ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಬಾರದು. ಅದಕ್ಕಾಗಿ ರಕ್ತವನ್ನು ತೆಳ್ಳಗಿಡುವ ಮಾತ್ರೆಯನ್ನು ಬದುಕಿರುವವರೆಗೂ ನುಂಗಬೇಕು. ರಕ್ತ ಪರೀಕ್ಷೆಯಲ್ಲಿ ಒಂದು ಅಂಕಿ ಬರುತ್ತದೆ, ಅವಳಿಗೆ ಅದು ಎರಡೂವರೆಯಿಂದ ಮೂರೂವರೆಯ ನಡುವೆ ಇರಬೇಕು. ಕೆಳಗಿಳಿದರೆ ಹೆಪ್ಪುಗಟ್ಟುವ ಭಯ, ಮೇಲೇರಿದರೆ ರಕ್ತಸ್ರಾವದ ಭಯ.

ಹೋದ ವರ್ಷ ಆಷಾಢದಲ್ಲಿ ಆ ಅಂಕಿ ಒಂದೂ ಮುಕ್ಕಾಲಿಗೆ ಇಳಿಯಿತು. ಡಾಕ್ಟರ್ ನಾಗೇಂದ್ರ ಮಾತ್ರೆಯನ್ನು ಐದು ಮಿಲಿಗ್ರಾಮಿನಿಂದ ಆರಕ್ಕೆ ಏರಿಸಿದರು. ಎರಡು ವಾರ ಕಳೆದರೂ ಅಂಕಿ ಮೇಲೇಳಲಿಲ್ಲ, ಏಳಕ್ಕೆ ಏರಿಸಿದರು. ಪುಸ್ತಕದ ಪ್ರಕಾರ ಸರಿಯಾದದ್ದನ್ನೇ ಮಾಡಿದರು. ಚೀಟಿ ಕಿಟಕಿಗೆ ಬಂತು. ಶ್ಯಾಮಲಕ್ಕ ಅದನ್ನು ನೋಡಿ, ಸುಚಿತ್ರಾಳ ಮುಖ ನೋಡಿ, ಪಕ್ಕದಲ್ಲಿದ್ದ ಅವಳ ಅತ್ತೆ ಜಲಜಮ್ಮನನ್ನು ನೋಡಿ ಕೇಳಿದಳು.

"ಮನೇಲಿ ಈಗ ಎಂಥ ಅಡುಗೆ ಜಲಜಮ್ಮ?"

"ಆಷಾಢ ಅಲ್ದನಾ? ಸೊಪ್ಪೇ. ಚಗಟೆ ಪಲ್ಯ, ಕೆಸಿನ ಸಾರು, ಮರಗೆಸದ ಎಲೆ ಸಿಕ್ಕಿದ ದಿನ ಪತ್ರೊಡೆ. ಈ ಥಂಡೀಲಿ ಮೈ ಬೆಚ್ಚಗಿರ್ಬೇಕು ಅಂದ್ರೆ ಸೊಪ್ಪು ತಿನ್ಬೇಕು. ಇವಳಿಗಂತೂ ಎರಡು ಸೌಟು ಜಾಸ್ತೀನೇ ಬಡಿಸ್ತೀನಿ, ಆಪರೇಷನ್ ಆದ ಮೈ."

ಶ್ಯಾಮಲಕ್ಕನ ಕಣ್ಣು ಹೊಳೆಯಿತು. ಕಳ್ಳ ಸಿಕ್ಕಿಬಿದ್ದಿದ್ದ! ಹಸಿರು ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ವೈರಿ. ಅತ್ತೆ ಪ್ರೀತಿಯಿಂದ ಬಡಿಸಿದಷ್ಟೂ ಮಾತ್ರೆಯ ಶಕ್ತಿ ಕುಗ್ಗಿತ್ತು. ಡಾಕ್ಟರರಿಗೆ ಹೊಳೆಯದ್ದು ತನಗೆ ಹೊಳೆಯಿತಲ್ಲ ಎಂದು ಅವಳಿಗೆ ಒಳಗೊಳಗೇ ಖುಷಿಯಾಯಿತು. ಸುಳ್ಳೇಕೆ ಹೇಳಬೇಕು, ಸ್ವಲ್ಪ ಜಂಬವೂ ಆಯಿತು. "ನೋಡು ಸುಚಿತ್ರಾ, ಇವತ್ತಿಂದ ಸೊಪ್ಪು ಬಂದ್. ಒಂದೆಲೆನೂ ಮುಟ್ಬೇಡ" ಎಂದು ತಾಕೀತು ಮಾಡಿದಳು. ಏಳು ಮಿಲಿಗ್ರಾಮಿನ ಲೆಕ್ಕದಲ್ಲಿ ಮಾತ್ರೆ ಕೊಟ್ಟು ಕಳಿಸಿದಳು.

ಡಾಕ್ಟರರಿಗೆ ಹೇಳಬೇಕು ಎಂದು ಒಂದು ಗಳಿಗೆ ಅನ್ನಿಸದೆ ಇರಲಿಲ್ಲ. ಅವರ ಕೋಣೆ ಹದಿನೈದು ಹೆಜ್ಜೆ ದೂರ. ಬಾಗಿಲ ಮುಂದೆ ಜನ ಸಾಲುಗಟ್ಟಿದ್ದರು. ಆ ಹಳೆಯ ಡಾಕ್ಟರರ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಹೋಗಲಿಲ್ಲ.

ಎತ್ತು ಏರಿಗೆ ಎಳೆದು ಕೋಣ ನೀರಿಗೆ ಎಳೆದಿದ್ದರೆ ಬಂಡಿ ಅಲ್ಲಾಡದೆ ಅಲ್ಲೇ ನಿಂತಿರುತ್ತಿತ್ತೋ ಏನೋ. ಇಲ್ಲಿ ಆದದ್ದು ಬೇರೆ. ಇಬ್ಬರೂ ಒಂದೇ ಕಡೆಗೆ ಎಳೆದರು, ಒಬ್ಬರು ಎಳೆಯುವುದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಮಾತ್ರೆ ಹೆಚ್ಚಾಯಿತು, ಅದನ್ನು ತಡೆಯುತ್ತಿದ್ದ ಸೊಪ್ಪು ನಿಂತಿತು.

ಹತ್ತನೇ ದಿನ ಬೆಳಗ್ಗೆ ಸುಚಿತ್ರಾಳನ್ನು ಅವಳ ಗಂಡ ರಾಜೇಂದ್ರ ಜೀಪಿನಲ್ಲಿ ತಂದ. ಒಸಡಿನಲ್ಲಿ ರಕ್ತ, ಮೂಗಿನಲ್ಲಿ ರಕ್ತ, ತೋಳಿನ ಮೇಲೆ ನೇರಳೆ ಬಣ್ಣದ ಕಲೆಗಳು. ಮೂಗಿಗೆ ಒತ್ತಿ ಹಿಡಿದ ಟವೆಲ್ಲು ತೋಯ್ದುಹೋಗಿತ್ತು. ಪರೀಕ್ಷೆ ಮಾಡಿದರೆ ಅಂಕಿ ಎಂಟರ ಹತ್ತಿರ. ಡಾಕ್ಟರ್ ನಾಗೇಂದ್ರರ ಮುಖ ಬಿಳಿಚಿಕೊಂಡಿತು. ಒಂದೇ ಒಂದು ಮಿಲಿಗ್ರಾಮ್ ಏರಿಸಿದ್ದಕ್ಕೆ ಇಷ್ಟಾಗುವುದು ಹೇಗೆ? ಯಕೃತ್ತೇನಾದರೂ ಕೆಟ್ಟಿದೆಯೇ?

"ಕಿಟಕೀಲಿ ತಪ್ಪು ಮಾತ್ರೆ ಕೊಟ್ಟಿದಾರೆ ಸಾರ್, ಇನ್ನೆಂಥದು!" ಎಂದು ರಾಜೇಂದ್ರ ಕೂಗಾಡಿದ.

ಆ ಕೂಗು ಔಷಧಿ ಕೋಣೆಗೂ ಕೇಳಿಸಿತು. ಶ್ಯಾಮಲಕ್ಕ ದಾಖಲೆ ತೆಗೆದು ನೋಡಿದಳು. ಮಾತ್ರೆ ಸರಿಯಾಗಿತ್ತು, ಅಳತೆ ಸರಿಯಾಗಿತ್ತು, ಅವಳ ಸಹಿಯೂ ಸರಿಯಾಗಿತ್ತು. ಅದನ್ನೇ ತೋರಿಸಿದ್ದರೆ ಅವಳನ್ನು ಯಾರೂ ಏನೂ ಅನ್ನುವಂತಿರಲಿಲ್ಲ. ಸೊಪ್ಪಿನ ಮಾತು ಯಾವ ಕಾಗದದಲ್ಲೂ ಇರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಬಚಾವು. ಆದರೆ ಕಾರಣ ಗೊತ್ತಿಲ್ಲದೆ ಡಾಕ್ಟರು ಕತ್ತಲಲ್ಲಿ ತಡಕಾಡುತ್ತಿದ್ದರು, ಅತ್ತ ಆ ಹುಡುಗಿಯ ರಕ್ತ ಹೋಗುತ್ತಿತ್ತು. ಶ್ಯಾಮಲಕ್ಕ ಕಿಟಕಿಯ ಬಾಗಿಲು ಎಳೆದು ಹಾಕಿ ವಾರ್ಡಿಗೆ ನಡೆದಳು. ಎಲ್ಲರ ಎದುರಿಗೇ ಹೇಳಿದಳು.

"ಸರ್, ಮಾತ್ರೆ ತಪ್ಪಿಲ್ಲ. ತಪ್ಪು ನನ್ನದು. ದಿನಾ ಸೊಪ್ಪು ತಿಂತಿದ್ಲು, ಅದಕ್ಕೇ ನಂಬರ್ ಇಳಿದಿತ್ತು. ನೀವು ಡೋಸ್ ಏರಿಸಿದ ದಿನವೇ ನಾನು ಸೊಪ್ಪು ಪೂರ್ತಿ ನಿಲ್ಸು ಅಂದೆ. ನಿಮಗೆ ಹೇಳ್ಲಿಲ್ಲ."

ಜೊತೆಗೆ ಬಂದಿದ್ದ ಜಲಜಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಡಾಕ್ಟರು ಬೈಯುತ್ತಾರೆ ಎಂದು ಶ್ಯಾಮಲಕ್ಕ ಕಾದಳು. ಅವರು ನಿಟ್ಟುಸಿರು ಬಿಟ್ಟು, "ಎಂಥ ತಿಂತೀಯಾ ಅಂತ ನಾನೂ ಕೇಳ್ಲಿಲ್ಲವಲ್ಲ ಮೇಡಂ" ಎಂದರು. ಅಷ್ಟೇ. ಆಮೇಲೆ ರಾಜೇಂದ್ರನ ಕಡೆಗೆ ತಿರುಗಿ, "ಈಗ ಕಾರಣ ಗೊತ್ತಾಯ್ತು. ಅದು ದೊಡ್ಡ ವಿಷಯ" ಎಂದರು. ಅವರ ದೊಡ್ಡತನವನ್ನೂ ಇಲ್ಲಿ ಮೆಚ್ಚಲೇಬೇಕು.

ಅಷ್ಟರಲ್ಲಿ ನರ್ಸ್ ಆಶಾ ವಿಟಮಿನ್ ಕೆ ಚುಚ್ಚುಮದ್ದಿನ ಹತ್ತು ಮಿಲಿಗ್ರಾಮನ್ನೂ ಸಿರಿಂಜಿಗೆ ಎಳೆದು ತಂದಿದ್ದಳು. ಬೇರೆ ಯಾರಿಗಾದರೂ ಆಗಿದ್ದರೆ ನಡೆಯುತ್ತಿತ್ತೇನೋ. ಶ್ಯಾಮಲಕ್ಕ ಕೈ ಅಡ್ಡ ಹಿಡಿದಳು.

"ಅಷ್ಟೂ ಬೇಡ ಸರ್. ಲೋಹದ ಕವಾಟ ಅದು. ಅಷ್ಟೂ ಕೊಟ್ರೆ ರಕ್ತ ಒಮ್ಮೆಲೇ ಗಟ್ಟಿಯಾಗ್ತದೆ, ಕವಾಟ ಕಚ್ಚಿಕೊಂಡ್ರೆ ಮುಗೀತು. ಆಮೇಲೆ ವಾರಗಟ್ಟಲೆ ನಮ್ಮ ಮಾತ್ರೆ ಕೆಲಸಾನೇ ಮಾಡಲ್ಲ."

ಡಾಕ್ಟರು ಅವಳನ್ನು ನೋಡಿದರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಯಾವ ಡಾಕ್ಟರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದರು. "ಹಾಗಾದ್ರೆ ಎಷ್ಟು ಕೊಡೋಣ, ಹೇಳಿ."

"ಒಂದೇ ಮಿಲಿಗ್ರಾಮ್. ಬಾಯಿಗೆ."

ನಾಗೇಂದ್ರ ಫೋನ್ ತೆಗೆದು, ಆಪರೇಷನ್ ಮಾಡಿದ ಹೃದಯದ ಡಾಕ್ಟರರನ್ನು ಹಿಡಿದರು. ಅತ್ತಲಿಂದಲೂ ಬಂದದ್ದು ಅದೇ ಮಾತು. ಶ್ಯಾಮಲಕ್ಕ ಸಣ್ಣ ಸಿರಿಂಜಿನಲ್ಲಿ ಒಂದು ಮಿಲಿಗ್ರಾಮ್ ಅಳೆದು, ಬೆಳಕಿಗೆ ಹಿಡಿದು ಎರಡು ಸಲ ನೋಡಿ, ಡಾಕ್ಟರರಿಗೂ ತೋರಿಸಿ, ನೀರಿಗೆ ಬೆರೆಸಿ ತಾನೇ ಕುಡಿಸಿದಳು. ರಕ್ತ ತೆಳ್ಳಗಾಗಿಸುವ ಮಾತ್ರೆ ಸದ್ಯಕ್ಕೆ ನಿಂತಿತು. ಹೆಚ್ಚುಕಡಿಮೆಯಾದರೆ ದೊಡ್ಡ ಆಸ್ಪತ್ರೆಗೆ ಸಾಗಿಸಲು ಆಂಬುಲೆನ್ಸ್ ತಯಾರಾಗಿ ನಿಂತಿತ್ತು. ಮಧ್ಯಾಹ್ನದ ಹೊತ್ತಿಗೆ ಮೂಗಿನ ರಕ್ತ ನಿಂತಿತು, ಸಂಜೆ ಒಸಡಿನದ್ದು. ಶ್ಯಾಮಲಕ್ಕ ಅವತ್ತು ಊಟ ಮಾಡಲಿಲ್ಲ, ಮಾಡು ಎಂದವರಿಗೆ ರೇಗಿದಳು. ಮರುದಿನ ಬೆಳಗ್ಗೆ ಅಂಕಿ ಮೂರೂ ಮುಕ್ಕಾಲಿಗೆ ಇಳಿದಿತ್ತು. ಕಾಗದ ಓದಿದ ಡಾಕ್ಟರು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತರು. ಅಬ್ಬಾ, ಹುಡುಗಿ ಉಳಿದಳು.

ಸುಚಿತ್ರಾ ಈಗ ಚೆನ್ನಾಗಿದ್ದಾಳೆ. ಸೊಪ್ಪು ಬಿಟ್ಟಿಲ್ಲ. ಆಷಾಢವಿರಲಿ, ಚೈತ್ರವಿರಲಿ, ವಾರಕ್ಕೆ ಎರಡು ದಿನ ಒಂದೊಂದು ಸೌಟು, ಅದಕ್ಕೆ ಹೊಂದಿಸಿದ ಮಾತ್ರೆ. "ಊಟ ಬಲ್ಲವನಿಗೆ ರೋಗವಿಲ್ಲ ಅಂತಿದ್ವಿ, ಊಟದ ಅಳತೆ ಆಸ್ಪತ್ರೇಲಿ ಕಲಿಯಂಗಾಯ್ತು" ಎಂದು ಜಲಜಮ್ಮ ಮೂಗು ಮುರಿಯುತ್ತಲೇ ಸೌಟು ಹಿಡಿದು ಅಳೆಯುತ್ತಾರೆ. ಇದೆಲ್ಲ ಆಮೇಲಿನದು. ಅಂಕಿ ಇಳಿದ ಆ ಬೆಳಗ್ಗೆ ಏನಾಯಿತು ಎನ್ನುವುದನ್ನು ಹೇಳದಿದ್ದರೆ ಶ್ಯಾಮಲಕ್ಕನ ವಿಷಯ ಹೇಳಿದಂತಾಗುವುದಿಲ್ಲ.

ಡಾಕ್ಟರು ಬೇರೆ ರೋಗಿಗಳ ಕಡೆಗೆ ಹೋಗಿದ್ದರು. ಶ್ಯಾಮಲಕ್ಕ ಹಾಸಿಗೆಯ ಹತ್ತಿರ ಹೋಗಿ ನಿಂತಳು. ಕ್ಷಮೆ ಕೇಳಬೇಕೆಂದು ಬಂದವಳು ಹೊದಿಕೆ ಸರಿಮಾಡತೊಡಗಿದಳು. ಸುಚಿತ್ರಾಳೇ ಕ್ಷೀಣವಾಗಿ ನಕ್ಕಳು.

"ಶ್ಯಾಮಲಕ್ಕ, ಡಾಕ್ಟ್ರು ಹೇಳಿದ್ದು ಅರ್ಧ ಬಸ್ ಹತ್ತೋದ್ರೊಳಗೆ ಮರ್ತುಹೋಗ್ತದೆ. ನೀವು ಹೇಳಿದ್ದು ಒಂದೂ ಮೀರ್ಲಿಲ್ಲ ನಾನು. ಅತ್ತೆ ಪತ್ರೊಡೆ ಮಾಡಿ ಎದುರಿಗೇ ಇಟ್ರು, ಮುಟ್ಲಿಲ್ಲ."

ಶ್ಯಾಮಲಕ್ಕ ಮಂಚದ ಕಂಬಿ ಹಿಡಿದುಕೊಂಡಳು. ಹಿಂದಿನ ದಿನ ಎಲ್ಲರೆದುರು ತಪ್ಪೊಪ್ಪಿಕೊಂಡಾಗಲೂ ಬರದ ಅಳು ಈಗ ಒತ್ತರಿಸಿ ಬಂತು. ಮಾತು ಕೇಳದವರನ್ನು ಬೈದು ಬೈದೇ ಇಷ್ಟು ವರ್ಷ ಕಳೆದಿದ್ದಳು. ಇವಳು ಕೇಳಿದ್ದಳು, ಅದಕ್ಕೇ ಸಾಯುವುದರಲ್ಲಿದ್ದಳು.

"ಅಳ್ಬೇಡಿ ಅಕ್ಕ. ಇನ್ಮೇಲೆ ನಾನು ಎಂಥ ತಿನ್ಲಿ, ಎಂಥ ಬಿಡ್ಲಿ? ನೀವೇ ಹೇಳಿ, ಹಾಗೇ ಮಾಡ್ತೀನಿ."

ಉತ್ತರ ಅವಳಿಗೆ ಗೊತ್ತಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು. ಶ್ಯಾಮಲಕ್ಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ಒಂದ್ನಿಮಿಷ ತಡಿ ಮಾರಾಯ್ತಿ" ಎಂದಳು. "ಡಾಕ್ಟರನ್ನ ಕರ್ಕೊಂಡು ಬರ್ತೀನಿ."