ಉಪದೇಶಿಗಳು ಹೇಳಿ ಬರೆಸಿದ ಪತ್ರ

ಇಂದು ಸಂಜೆ ಅವ್ವ, ನರಗುಂದಕ್ಕೆ ಕೊಟ್ಟ ಅಕ್ಕನಿಗೆ ನನ್ನಿಂದ ಪತ್ರ ಬರೆಸುತ್ತಿದ್ದಳು. ನಡುವೆಯೇ, "ಏ, ಹಾಲು ಉಕ್ಕಾಕತ್ತೈತಿ ನೋಡೋ!" ಎಂದಳು. ಆ ಮಾತಿಗೆ ಐದು ವರ್ಷದ ಹಿಂದಿನ ಇನ್ನೊಂದು ಪತ್ರ ನೆನಪಾಯಿತು.

ಆಗ ಅಕ್ಕನ ಮದುವೆ ಗೊತ್ತಾಗಿತ್ತು. ಅಷ್ಟರಲ್ಲಿ ಯಾರೋ, ಹುಡುಗಿಗೆ ಮೊದಲೇ ಬೇರೆ ಕಡೆ ಮಾತಾಗಿತ್ತೆಂದು ಬೀಗರ ಕಿವಿಯಲ್ಲಿ ಊದಿದರು. ಬೀಗರು ಹೇಳಿಕಳಿಸಿದರು: ಗಜೇಂದ್ರಗಡದ ನಿಮ್ಮ ಕ್ರೈಸ್ತ ಸಭೆಯ ಉಪದೇಶಿ ನನ್ನ ಜೊತೆ ಸಾಲಿ ಕಲಿತವನು, ಅದು ಸುಳ್ಳೆಂದು ಅವನು ಸ್ವಂತ ಕೈಯಿಂದ ಬರೆದುಕೊಡಲಿ. ರವಿವಾರದೊಳಗೆ ಬರದಿದ್ದರೆ ಸಂಬಂಧ ಮುರಿಯಿತು.

ಉಪದೇಶಿಗಳಿಗೋ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು.

"ಚಿಂತಿ ಮಾಡಬ್ಯಾಡ," ಎಂದರು. "ಮೊದಲಿನ ಅಪೊಸ್ತಲರೂ ಬಾಯಿಲೆ ಹೇಳತಿದ್ರು, ಇನ್ನೊಬ್ಬ ಬರೀತಿದ್ದ. ಕಡೀ ಸಾಲಷ್ಟ ತಾವು ಬರದು ಗುರುತು ಕೊಡತಿದ್ರು. ನಾ ಅಂದದ್ದು ಒಂದಕ್ಷರ ಬಿಡಬ್ಯಾಡ."

ಅಕ್ಷರ ಬಿಡದಿರುವುದೇ ನನ್ನ ಹೆಮ್ಮೆ. ಮಳೆ ಬಂದದ್ದು, ಮಗ್ಗದ ಲಾಳಿ ಮುರಿದದ್ದು ಎಲ್ಲಕ್ಕೂ ದಿನಚರಿಯಲ್ಲಿ ತಾರೀಖು ಹಾಕುವವನು ನಾನು. ತಲೆ ಎತ್ತದೆ ಬರೆದೆ. ಕೊನೆಗೆ ಅವರು ಎಡಗೈಯಿಂದ ಒಂದು ಸಾಲು ಗೀಚಿದರು. ಮಸಿಯಲ್ಲಿ ಬಿದ್ದ ಇರುವೆ ಎದ್ದು ನಡೆದಂತಿತ್ತು.

ಶನಿವಾರ ಮೋಟಾರು ಹತ್ತಿ ನರಗುಂದಕ್ಕೆ ಹೋದೆ. ಬೀಗರು ಉಪದೇಶಿಗಳ ಹಳೆಯ ಪತ್ರವೊಂದನ್ನು ತಂದು ಪಕ್ಕಕ್ಕಿಟ್ಟು ನೋಡಿದರು.

"ಇದು ಅವನ ಕೈ ಅಲ್ಲ. ಹುಡುಗಿ ತಮ್ಮ ನೀನು. ನೀನ ಬರಕೊಂಡು ಬಂದೀಯೇನು?"

"ಇಲ್ರೀ, ಅವರಿಗೆ ಲಕ್ವಾ ಹೊಡದೈತ್ರೀ."

"ಬರಿಯೂ ಹೊತ್ತಿಗೇ ಹೊಡೀತೇನು? ಓದು, ಕೇಳೂಣು."

ಪತ್ರ ಕೈಗೆ ತೆಗೆದುಕೊಂಡೆ. ಓದಿದೆ: "ಈ ಹುಡುಗಿಯನ್ನು ಹುಟ್ಟಿದಾಗಿನಿಂದ ಬಲ್ಲೆ. ಆಕೆಗೆ ಬೇರೆಲ್ಲಿಯೂ ಮಾತಾಗಿಲ್ಲ, ದೇವರೇ ಸಾಕ್ಷಿ. ಏ, ಚಾದಾಗ ನೊಣ ಬೀಳತೈತಿ, ಹೊಡಿಯೋ. ಮನಿಯಾಕಿ ಇವತ್ತೂ ಸಕ್ಕರಿ ಕಮ್ಮಿ ಹಾಕ್ಯಾಳ. ಉಳಿಸಿದ ಸಕ್ಕರೀನ ನನ್ನ ಗೋರಿ ಮ್ಯಾಲ ಸುರವತಾಳೇನೋ..."

ಓದುವುದನ್ನು ಅಲ್ಲಿಗೇ ನಿಲ್ಲಿಸಿದೆ. ನೀವೇ ಹೇಳಿ, ಇದನ್ನೂ ಬರೆಯುವವನು ಎಂಥ ಜಾಣ! ಅಕ್ಕನ ಮದುವೆ ನೊಣದ ಜೊತೆ ಚಹಾದಲ್ಲಿ ಬಿತ್ತೆಂದುಕೊಂಡೆ.

ಬೀಗರ ಭುಜ ಕುಲುಕಿತು. "ಸಕ್ಕರಿ! ಸಾಲ್ಯಾಗೂ ಹಿಂಗ ಒದರತಿದ್ದ ಮಗಾ. ಕಳ್ಳಪತ್ರ ಬರಿಯಾಂವ ಇದನ್ನ ಬರೀತಾನೇನು?" ಎಂದು ಕಣ್ಣೀರು ಬರುವಂತೆ ನಕ್ಕರು. ಆಮೇಲೆ ಆ ಸೊಟ್ಟ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು: "ಲಕ್ವಾ ಯಾವಾಗ ಹೊಡೀತಪಾ ಅವಗ?"

ಉಪದೇಶಿಗಳು ಈಗಿಲ್ಲ. ಆ ಪತ್ರ ಅಕ್ಕನ ಟ್ರಂಕಿನಲ್ಲಿದೆ.

"ಪತ್ರ ಎಲ್ಲೀತನಾ ಬಂತೋ?" ಎಂದಳು ಅವ್ವ.

"ಹಾಲು ಉಕ್ಕೂತನಾ," ಎಂದು, ಅವ್ವನ ಆ ಮಾತನ್ನೂ ಪತ್ರದಲ್ಲಿ ಬರೆದೆ.